ಗೋಧಿಯ ನಡುವಿನ ದಾರಿ

ನಮ್ಮ ಅತ್ತಿಗೆಗೆ, ಎಂದರೆ ನನ್ನ ಯಜಮಾನರ ಅಕ್ಕನಿಗೆ, ಫೆಬ್ರವರಿಯಲ್ಲಿ ಸೊಂಟದ ಕೀಲು ಬದಲಾಯಿಸಿದರು. ಆಸ್ಪತ್ರೆಯಿಂದ ಮನೆಗೆ ಬಂದ ವಾರವೇ ಅವರ ಮಗಳು ಫ್ಲ್ಯಾಟಿನ ಮಾತು ತೆಗೆದಳು. ಅವಳಿಗೆ ಲಂಡನ್ನಿನ ಕ್ಯಾನರಿ ವಾರ್ಫಿನಲ್ಲಿ ಕೆಲಸ, ವಾಸ ಕೊಲಿಂಡೇಲಿನಲ್ಲಿ. ಅವಳ ಕಟ್ಟಡದಲ್ಲೇ ಒಂದು ಫ್ಲ್ಯಾಟ್ ಖಾಲಿಯಾಗುವುದಿತ್ತು. ಲಿಫ್ಟ್ ಇದೆ, ಕೆಳಗೇ ಅಂಗಡಿ ಇದೆ, ಮಗಳ ಮನೆ ಎದುರು ಬಾಗಿಲು. ಅತ್ತಿಗೆಯ ಸ್ಟ್ಯಾನ್ಮೋರಿನ ಮನೆಯಲ್ಲಾದರೆ ಮಲಗುವ ಕೋಣೆಯೂ ಬಚ್ಚಲೂ ಮಹಡಿಯ ಮೇಲೆ, ಮತ್ತು ಅತ್ತಿಗೆ ಒಬ್ಬರೇ. ಬಿದ್ದರೆ ಯಾರಿಗೆ ಗೊತ್ತಾಗುತ್ತದೆ ಎಂದು ಅವಳು ಕೇಳಿದಾಗ ನಾನು ಕಾಫಿ ಲೋಟಗಳನ್ನು ಎತ್ತಿಕೊಂಡು ಅಡುಗೆಮನೆಗೆ ಹೋದೆ.

ಪಂದ್ಯ ಕಟ್ಟಿದವರು ಅತ್ತಿಗೆಯೇ. ವರ್ಷಗಟ್ಟಲೆ ಜಿ.ಪಿ., ಎಂದರೆ ಬಡಾವಣೆಯ ಡಾಕ್ಟರು, ಆಗಿದ್ದವರು, ರೋಗಿಗಳಿಗೆ ಹೇಳುವ ಹಾಗೆ ತಮಗೂ ಹೇಳಿಕೊಂಡರು.

"ಜೂನ್ ಮುಗಿಯೋದರೊಳಗೆ ನಮ್ಮ ಹೇರ್‌ಫೀಲ್ಡ್ ಸುತ್ತು ನನ್ನ ಕಾಲಲ್ಲಿ ನಾನೇ ಮುಗಿಸಿದ್ರೆ ಮನೆ ಮಾತು ಎತ್ತಬಾರದು. ಆಗ್ಲಿಲ್ವೋ, ಮನೆ ಮುಂದೆ ಮಾರಾಟದ ಬೋರ್ಡು ನೆಡ್ಸು."

ಮಗಳು ಇಂಗ್ಲಿಷಿನಲ್ಲಿ ಸರಿ ಎಂದಳು. ಆದರೆ ಕೊನೆಯಲ್ಲಿ ತಾನು ಬಂದು ನಿಂತಿರುತ್ತೇನೆ, ಅತ್ತೆಯ ಮಾತನ್ನು ಮಾತ್ರ ನಂಬುವುದಿಲ್ಲ ಎಂದು ನನ್ನ ಕಡೆ ನೋಡಿ ನಕ್ಕಳು.

ಹೇರ್‌ಫೀಲ್ಡ್ ಸುತ್ತು ಎಂದರೆ ದೊಡ್ಡ ಚಾರಣವೇನಲ್ಲ. ಲಂಡನ್ನಿನ ಎಲ್ಲೆಯೊಳಗೇ, ಪಶ್ಚಿಮದ ಅಂಚಿನಲ್ಲಿ, ತಗ್ಗು ಗುಡ್ಡಗಳ ಊರು ಅದು. ಕಾರು ಒಂದು ಓಣಿಯಲ್ಲಿ ನಿಲ್ಲಿಸಿ, ಕುದುರೆಗಳಿರುವ ಹುಲ್ಲುಗಾವಲು ದಾಟಿ, ಓಕ್ ಮರಗಳ ಸಣ್ಣ ಕಾಡು ಹೊಕ್ಕು, ಆಚೆ ಬದಿಯ ಇಳಿಜಾರಿನಲ್ಲಿ ಒಂದು ಗೋಧಿಹೊಲ ಬಳಸಿ, ಮೇಲಿನ ಗೇಟಿನಿಂದ ಮತ್ತೆ ಓಣಿಗೆ ಬರುವುದು. ಭಾವ ಇದ್ದಾಗಿನಿಂದ ನಾವು ಹೋಗುತ್ತಿದ್ದ ದಾರಿ. ಆಗ ಯಾರೂ ಅದನ್ನು ದೂರ ಎಂದುಕೊಂಡಿರಲಿಲ್ಲ.

ಮಾರ್ಚ್‌ನಲ್ಲಿ ಮನೆಯ ಮುಂದಿನ ರಸ್ತೆಯಲ್ಲಿ ಅಂಚೆಪೆಟ್ಟಿಗೆಯ ತನಕ ನಡೆದೆವು. ಏಪ್ರಿಲ್‌ನಲ್ಲಿ ಸ್ಟ್ಯಾನ್ಮೋರಿನ ಕೆರೆಗಳ ತನಕ. ಊರುಗೋಲು ಎರಡಿದ್ದದ್ದು ಒಂದಾಯಿತು. ಜೂನ್ ಮೂರನೆಯ ಶನಿವಾರ ಹೊರಟೇಬಿಟ್ಟೆವು. ನನ್ನ ಚೀಲದಲ್ಲಿ ಫ್ಲಾಸ್ಕು, ಕೋಡುಬಳೆ, ಒಂದು ಜೊತೆ ಕಾಲುಚೀಲ, ಕೂರಲು ಪ್ಲಾಸ್ಟಿಕ್ ಹಾಳೆ, ನೋವಿನ ಮಾತ್ರೆ ಇದ್ದವು. ಅತ್ತಿಗೆ ಚೀಲವನ್ನು ಎತ್ತಿ ನೋಡಿ, ಕಾಶಿಯಾತ್ರೆಗೆ ಹೊರಟವರೂ ಇಷ್ಟು ಹೊರುವುದಿಲ್ಲ ಎಂದರು.

ಹುಲ್ಲುಗಾವಲು ಚೆನ್ನಾಗಿಯೇ ಆಯಿತು. ಕಾಡಿನಲ್ಲಿ ನೆಲ ಒಣಗಿತ್ತು. ಬ್ಲೂಬೆಲ್ ಹೂಗಳು ಮುಗಿದು ಬೀಜದ ಬುರುಡೆಗಳು ಒಣಗಿ ನಿಂತಿದ್ದವು. ಕಾಡಿನ ಕೊನೆಯಲ್ಲಿ ಬೇಲಿ ಹತ್ತಿ ದಾಟಲು ಎರಡು ಮರದ ಮೆಟ್ಟಿಲುಗಳಿವೆ. ಅಲ್ಲೇ ನನಗೆ ಭಯವಿದ್ದದ್ದು. ಅತ್ತಿಗೆ ಗೂಟ ಹಿಡಿದುಕೊಂಡು, "ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ಹೊಸಾ ಕಾಲು ಮೊದಲು" ಎಂದು ಶ್ಲೋಕದ ಹಾಗೆ ಹೇಳಿಕೊಳ್ಳುತ್ತಾ ದಾಟಿದರು. ಇಳಿದ ಮೇಲೆ ಅವರ ಮೇಲ್ದುಟಿಯ ಮೇಲೆ ಬೆವರಿತ್ತು. ಎದುರಿಗೆ ಗೋಧಿ, ಸೊಂಟದೆತ್ತರಕ್ಕೆ, ಇನ್ನೂ ಹಸಿರು.

ಆ ಗೂಟದ ಮೇಲೆ ಒಂದು ಹಳದಿ ಬಾಣದ ಗುರುತಿದೆ. ಅದು ನೇರ ಬೆಳೆಯ ಒಳಕ್ಕೇ ತೋರಿಸುತ್ತದೆ. ಅದನ್ನು ನಾವು ಎಷ್ಟೋ ಸಲ ನೋಡಿದ್ದೇವೆ. ಕೊಯ್ಲಾದ ಮೇಲಿನ ಮಾತು ಎಂದುಕೊಂಡಿದ್ದೆವು. ನಿಂತ ಬೆಳೆಯನ್ನು ತುಳಿಯಿರಿ ಎಂದು ಯಾರಾದರೂ ಬೋರ್ಡು ಹಾಕುತ್ತಾರೆಯೇ? ಕೆಳಗೆ ಬಿದ್ದ ಒಂದು ಅಗುಳಿಗೆ ಕಾಲು ತಾಗಿದರೂ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಮನೆ ನಮ್ಮದು. ಸಾಲದ್ದಕ್ಕೆ ನಾನು ಓದಿದ ಮೈಸೂರಿನ ಕಾನ್ವೆಂಟಿನಲ್ಲಿ ಹುಲ್ಲುಹಾಸಿನ ಮೇಲೆ ಕಾಲಿಟ್ಟವರನ್ನು ಸಿಸ್ಟರ್ ಬೈಯುತ್ತಿರಲಿಲ್ಲ, ಸುಮ್ಮನೆ ನೋಡುತ್ತಿದ್ದರು, ಅದೇ ಸಾಕಾಗುತ್ತಿತ್ತು. ಹಾಗಾಗಿ ನಾವು ಯಾವಾಗಲೂ ಹೊಲದ ಅಂಚು ಹಿಡಿದು ಸುತ್ತಿ ಹೋಗುವವರು. ಅಂಚಿನ ತುಂಬ ಬಿಳಿ ಹೂ, ಕೆಂಪು ಹೂ. ಕಾಡುಹೂ ಎಂದು ಅತ್ತಿಗೆ ಪೂಜೆಗೆ ಒಂದು ಹಿಡಿ ಕಿತ್ತುಕೊಳ್ಳುತ್ತಲೂ ಇದ್ದರು.

ಆ ದಿನವೂ ಎಡಕ್ಕೆ ತಿರುಗಿದೆವು. ಅಂಚಿನ ನೆಲ ಓರೆಯಾಗಿದೆ ಎಂದು ಅಷ್ಟು ವರ್ಷ ನನಗೆ ಗೊತ್ತೇ ಆಗಿರಲಿಲ್ಲ. ಹೊಸ ಕೀಲಿನ ಕಾಲು ಇಳಿಜಾರಿನ ಕಡೆಗೇ ಬೀಳುತ್ತಿತ್ತು. ಮೊದಲ ಮೂಲೆಗೆ ಮುನ್ನವೇ ಅತ್ತಿಗೆಯ ಹೆಜ್ಜೆ ಗಿಡ್ಡವಾಯಿತು. ಆಮೇಲೆ ಬೂಟಿನ ತುದಿ ಹುಲ್ಲಿಗೆ ಉಜ್ಜುವ ಸದ್ದು ಕೇಳತೊಡಗಿತು. ಬೇಲಿಯ ಬದಿಯಲ್ಲಿ ಮರದ ದಿಮ್ಮಿಯೊಂದಿತ್ತು. ತೀರ ತಗ್ಗಿನಲ್ಲಿ ಅವರು ಕೂರುವಂತಿಲ್ಲ. ಚೀಲವನ್ನೇ ದಿಮ್ಮಿಯ ಮೇಲಿಟ್ಟು, ಹಾಳೆ ಹಾಸಿ ಕೂರಿಸಿದೆ. ಕೋಡುಬಳೆ ಪುಡಿಯಾಯಿತು. ಇನ್ನೂ ಎರಡು ಬದಿ ಉಳಿದಿತ್ತು.

ಅತ್ತಿಗೆ ಹೊಸ ಕಾಲನ್ನು ಮುಂದಕ್ಕೆ ಚಾಚಿ ತೊಡೆ ತಿಕ್ಕಿಕೊಂಡರು. ಆಮೇಲೆ, ಕೊಲಿಂಡೇಲಿನಲ್ಲಿ ಬಾಲ್ಕನಿಯಾದರೂ ಇದೆಯಂತೆ, ಕರಿಬೇವಿನ ಕುಂಡಕ್ಕೆ ಬಿಸಿಲು ಸಾಕಾಗಬಹುದು ಎಂದರು. ನಾನು ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಾ ಇದ್ದೆ.

ಆಗ ಬೇಲಿಯಾಚೆಯ ಹಾದಿಯಲ್ಲಿ ಹೊಲದ ಒಡೆಯ ಪಿಕಪ್ ನಿಲ್ಲಿಸಿ ಇಳಿದು ಬಂದ. ನಮ್ಮ ವಯಸ್ಸಿನವನೇ, ಹರಿದ ತೋಳಿನ ಸ್ವೆಟರು. ಆರೋಗ್ಯ ಸರಿಯಿದೆಯೇ ಎಂದು ಮೊದಲು ಕೇಳಿ, ಆಮೇಲೆ ಸಂಕೋಚದಿಂದಲೇ, ನಾವು ನಿಂತಿರುವುದು ದಾರಿಯಲ್ಲ ಎಂದ. ಅಂಚಿನ ಹೂವನ್ನು ಅವನೇ ಜೇನುಹುಳುಗಳಿಗೆಂದು ಬಿತ್ತುತ್ತಾನಂತೆ. ವರ್ಷವರ್ಷವೂ ಅದರ ನಡುವೆ ತುಳಿದ ಗೆರೆಯೊಂದು ಬಿದ್ದಿರುತ್ತಿತ್ತು. ಜಿಂಕೆಗಳ ಕೆಲಸ ಎಂದುಕೊಂಡಿದ್ದನಂತೆ.

ಬೆಳೆ ತುಳಿಯಬಾರದೆಂದೇ ಸುತ್ತಿ ಬರುತ್ತೇವೆ ಎಂದು ಅತ್ತಿಗೆ ವಿವರಿಸಿದರು. ಅವನು ತಲೆ ಕೆರೆದುಕೊಂಡ. ಕಾನೂನಿನ ಪ್ರಕಾರ ಸಾರ್ವಜನಿಕರ ದಾರಿ ಗೋಧಿಯ ಮಧ್ಯದಲ್ಲೇ ಇದೆ, ಪೈರು ಸಣ್ಣದಿದ್ದಾಗ ಟ್ರ್ಯಾಕ್ಟರ್ ಹಾಯಿಸಿ ಗೆರೆ ಬಿಡುತ್ತೇನೆ, ಯಾರೂ ನಡೆಯದಿದ್ದರೆ ಎರಡೂ ಕಡೆಯಿಂದ ಬಾಗಿ ಮುಚ್ಚಿಹೋಗುತ್ತದೆ, ಆಮೇಲೆ ಕೌನ್ಸಿಲಿನಿಂದ ನನಗೇ ದೂರು ಬರುತ್ತದೆ ಎಂದ. ದಯವಿಟ್ಟು ತುಳಿಯಿರಿ ಎಂದೂ ಹೇಳಿದ. ಬೇಕಾದರೆ ಪಿಕಪ್ಪಿನಲ್ಲಿ ಮೇಲಿನ ಗೇಟಿಗೆ ಬಿಡುತ್ತೇನೆ ಎಂದ.

ಪಿಕಪ್ಪಿನ ಬಾಗಿಲು ತೆರೆದೇ ಇತ್ತು. ಅತ್ತಿಗೆ ಅದರ ಕಡೆ ನೋಡಿದ್ದನ್ನು ನಾನು ನೋಡಿದೆ. ಆಮೇಲೆ ಅವರು ಅವನಿಗೆ ಥ್ಯಾಂಕ್ಸ್ ಹೇಳಿ, ನನ್ನ ಭುಜ ಹಿಡಿದು ಎದ್ದರು.

"ದೇವರಿಗೆ ಕದ್ದ ಹೂವನ್ನೇ ಏರಿಸ್ತಿದ್ವಲ್ಲೇ," ಎಂದರು, ಮೆಟ್ಟಿಲಿನ ಹತ್ತಿರ ವಾಪಸ್ಸು ಬರುತ್ತಾ.

ಬಾಣದ ಎದುರು ನಿಂತು ನೋಡಿದರೆ ಗೆರೆ ಇತ್ತು. ತೆನೆಗಳು ಅದರ ಮೇಲೆ ಬಾಗಿದ್ದವು, ಅಷ್ಟೇ. ಅತ್ತಿಗೆ ಅಭ್ಯಾಸದಂತೆ ನೆಲ ಮುಟ್ಟಲು ಹೋಗಿ ತಡೆದುಕೊಂಡರು. ಅಷ್ಟು ಬಗ್ಗಬಾರದು ಎಂದು ಸರ್ಜನ್ ಹೇಳಿದ್ದರು. ಬಗ್ಗುವ ಅಗತ್ಯವೂ ಇರಲಿಲ್ಲ, ತೆನೆ ಕೈಮಟ್ಟದಲ್ಲೇ ಇತ್ತು. ಒಂದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು, ನಾನೂ ಹಾಗೇ ಮಾಡಿದೆ. ನಾನು ಮುಂದೆ ಹೋಗಿ ತೆನೆಗಳನ್ನು ಅತ್ತಿತ್ತ ಸರಿಸಿದೆ. ಹಿಂದೆ ಊರುಗೋಲಿನ ಸದ್ದು. ನೆಲ ಅಲ್ಲಿ ಓರೆಯಾಗಿರಲಿಲ್ಲ, ಗಟ್ಟಿಯಾಗಿತ್ತು, ನೇರ ಮೇಲಕ್ಕೆ ಏರುತ್ತಿತ್ತು. ಎರಡು ಸಲ ನಿಂತೆವು. ಒಮ್ಮೆ ನನ್ನ ಕಾಲಿನಡಿ ಒಂದು ಕಾಂಡ ಮುರಿದದ್ದು ಕೇಳಿ ನಾನು ನಿಂತಾಗ, "ನಡಿಯೇ, ಅವನೇ ತುಳೀರಿ ಅಂದಿದಾನೆ," ಎಂದು ಹಿಂದಿನಿಂದ ಗದರಿದರು.

ಮೇಲಿನ ಗೇಟಿನ ಬಳಿ ಮಗಳು ಲ್ಯಾಪ್‌ಟಾಪ್ ಕಂಕುಳಲ್ಲಿಟ್ಟುಕೊಂಡು ನಿಂತಿದ್ದಳು. ನಮ್ಮನ್ನು ಗೋಧಿಯ ನಡುವೆ ಕಂಡು ಅವಳ ಬಾಯಿ ತೆರೆಯಿತು.

ಅತ್ತಿಗೆ ಗೇಟು ಹಿಡಿದು ಉಸಿರು ಸುಧಾರಿಸಿಕೊಂಡರು. ನಾನಾಗಿದ್ದರೆ ಸುಮ್ಮನಿರುತ್ತಿದ್ದೆನೇನೋ.

"ಸುತ್ತು ಪೂರ್ತಿ ಬರಲಿಲ್ಲ ಕಣೇ. ಮಧ್ಯದಲ್ಲಿ ಬಂದ್ವಿ. ಒಪ್ತೀಯೋ ಇಲ್ವೋ ನೀನೇ ಹೇಳು."

ಅವಳು ಫೋನು ತೆಗೆದು ನಕ್ಷೆ ಹಿಗ್ಗಿಸಿದಳು. ಕಾಡಿನಿಂದ ಗೇಟಿಗೆ ಚುಕ್ಕೆಗಳ ಸಾಲು ನೇರವಾಗಿ ಹೊಲದ ಮಧ್ಯದಲ್ಲೇ ಬರುತ್ತಿತ್ತು. ಅವಳು ಅದನ್ನು ಅಮ್ಮನಿಗೆ ತೋರಿಸಿ, ಪೂರ್ತಿ ದಾರಿ ಎಂದರೆ ಇದೇ, ನೀವು ಇಷ್ಟು ದಿನ ಮಾಡುತ್ತಿದ್ದದ್ದು ಅತಿಕ್ರಮ ಪ್ರವೇಶ ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಆಮೇಲೆ ಕನ್ನಡದಲ್ಲಿ, ಮೆಲ್ಲಗೆ, "ಸರಿ ಅಮ್ಮ" ಎಂದಳು. ಅವಳ ಮುಖದಲ್ಲಿ ಸೋತ ಬೇಸರವಿತ್ತು, ಇನ್ನೂ ಏನೋ ಇತ್ತು. ಮಹಡಿ ಮೆಟ್ಟಿಲಿನ ಇನ್ನೊಂದು ಬದಿಗೂ ಹಿಡಿಕೆ ಹಾಕಿಸಲೇಬೇಕು, ಅದಕ್ಕೆ ತಕರಾರು ಕೂಡದು ಎಂದಳು. ಅತ್ತಿಗೆ ಒಪ್ಪಿದರು.

ಸ್ಟ್ಯಾನ್ಮೋರಿಗೆ ಬಂದು ಬಾಗಿಲಿನಲ್ಲಿ ಅವರ ಬೂಟಿನ ಲೇಸು ಬಿಚ್ಚಿದೆ. ಒಳಗಿನಿಂದ ಒಂದು ಹಸಿರು ತೆನೆಯ ಚೂರು ಉದುರಿತು. ಕಸಕ್ಕೆ ಹಾಕಬೇಡ, ಕರಿಬೇವಿನ ಕುಂಡಕ್ಕೆ ಹಾಕು ಎಂದರು. ಹಾಗೇ ಮಾಡಿದೆ. ನಾನು ಅಕ್ಕಿ ತೊಳೆಯುತ್ತಿರುವಾಗ ಅವರು ಮಹಡಿ ಹತ್ತುವುದು ಕೇಳುತ್ತಿತ್ತು, ಒಳ್ಳೆ ಕಾಲು ಮೊದಲು, ಪ್ರತಿ ಮೆಟ್ಟಿಲಿಗೂ ಒಮ್ಮೆ ಹೇಳಿಕೊಳ್ಳುತ್ತಾ. ಆಮೇಲೆ ಮೇಲೆ ಕಿಟಕಿ ತೆಗೆದ ಸದ್ದಾಯಿತು.