ಬಿಡುವು ಸಿಕ್ಕಾಗ ನೆಲ ಹುಡುಕುತ್ತಿದ್ದ ಸೆವ್ರಿನ್ ಬಾಯಿ

ಸೆವ್ರಿನ್ ಬಾಯಿಗೆ ನಡೆಯುತ್ತಲೇ ತೂಕಡಿಸುವುದು ಗೊತ್ತಿತ್ತು. ಕಿವಿಗೆ ಹೆಡ್‌ಫೋನ್, ಬಲಗೈಯಲ್ಲಿ ಮೆಟಲ್ ಡಿಟೆಕ್ಟರಿನ ಉದ್ದನೆಯ ಕೋಲು. ಅದರ ತುದಿಯ ತಟ್ಟೆಯನ್ನು ಹುಲ್ಲಿನ ಮೇಲೆ ಆಚೀಚೆ ಆಡಿಸುತ್ತ ಹೆಜ್ಜೆ ಇಡುವಾಗ ಅವರ ಕಣ್ಣು ಅರ್ಧ ಮುಚ್ಚಿರುತ್ತಿತ್ತು. ಲೋಹ ಸಿಕ್ಕಿ ಯಂತ್ರ ಕೂಗಿದಾಗ ಮಾತ್ರ ರೆಪ್ಪೆ ಎತ್ತುತ್ತಿದ್ದರು. ರಾತ್ರಿಪಾಳಿ ಮುಗಿಸಿ, ಮಟಾಟು ವ್ಯಾನು ಹಿಡಿದು ಬಂದು, ಚಹಾ ಕೂಡ ಕುಡಿಯದೆ ಹೀಗೆ ಮೈದಾನಕ್ಕಿಳಿಯುವ ಇನ್ನೊಬ್ಬ ನರ್ಸನ್ನು ನಾನು ಕಂಡಿಲ್ಲ.

ಉಡುಪಿ ಕಡೆಯವರು. ಮದುವೆಯಾಗಿ ನೈರೋಬಿಗೆ ಬಂದು, ಗಂಡ ತೀರಿಕೊಂಡ ಮೇಲೂ ಇಲ್ಲೇ ಉಳಿದವರು. ಸೌತ್ ಸಿ ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆ. ಸಿರಿವಂತರ ಬಡಾವಣೆ ರುಂಡಾದಲ್ಲಿ ಕಾಯಿಲೆ ಬಿದ್ದಿದ್ದ ಒಬ್ಬ ವಿದೇಶಿ ಮುದುಕರನ್ನು ಕೆಲವು ತಿಂಗಳು ನೋಡಿಕೊಂಡಿದ್ದರಂತೆ. ಆ ಮನೆಯವರು ಗಂಟುಮೂಟೆ ಕಟ್ಟಿ ತಮ್ಮ ದೇಶಕ್ಕೆ ಹೊರಟಾಗ ಮುದುಕರೇ ಈ ಯಂತ್ರವನ್ನು ಇವರ ಕೈಗಿಟ್ಟರು.

ವರ್ಷವಿಡೀ ಅವರದು ಒಂದೇ ಪರದಾಟ. ಜನವರಿಯ ಬಿಸಿಲಿಗೆ ಇಲ್ಲಿನ ಎರೆಮಣ್ಣು ಒಣಗಿ ಬಿರುಕು ಬಿಡುತ್ತದೆ, ಕರಣೆ ಇಳಿಯುವುದಿಲ್ಲ. ಏಪ್ರಿಲ್ ಮಳೆಗೆ ನೆಲ ಮೆತ್ತಗಾಗುತ್ತದೆ. ಆದರೆ ಆಗ ಆಸ್ಪತ್ರೆಯಲ್ಲಿ ಜ್ವರದವರು ತುಂಬಿ ರಜೆ ಸಿಗುವುದಿಲ್ಲ. ಇಲ್ಲಿನ ಜುಲೈ ಚಳಿಗೆ ಅವರ ಬೆರಳಿನ ಗಂಟುಗಳು ಹಿಡಿಯುತ್ತಿದ್ದವು. "ನೆಲ ಮೆದು ಇರುವಾಗ ನನಗೆ ಟೈಮ್ ಇಲ್ಲ, ನನಗೆ ಟೈಮ್ ಇರುವಾಗ ನೆಲ ಕಲ್ಲು. ಎಂತ ಮಾಡುದು ಹೇಳು" ಎನ್ನುತ್ತಿದ್ದರು. ಆದರೂ ಪಾಳಿಯ ನಡುವಿನ ಅರ್ಧ ಗಂಟೆಯನ್ನೋ, ಭಾನುವಾರ ಇಗರ್ಜಿಯಿಂದ ಬಂದ ಮೇಲಿನ ಹೊತ್ತನ್ನೋ ಹೇಗೋ ಹೊಂದಿಸುತ್ತಿದ್ದರು. ಶನಿವಾರ ನನಗೂ ಕಾಲೇಜಿಗೆ ರಜೆ. ತಿದ್ದಬೇಕಾದ ಉತ್ತರಪತ್ರಿಕೆಗಳನ್ನು ಕಾರಿನ ಹಿಂದಿನ ಸೀಟಿಗೆ ಹಾಕಿಕೊಂಡು ಅವರನ್ನು ಕರೆದೊಯ್ಯುತ್ತಿದ್ದೆ. ಅವರು ಹುಡುಕುವಷ್ಟು ಹೊತ್ತು ನಾನು ಸ್ಟಿಯರಿಂಗ್ ಮೇಲೆ ತಲೆಯಿಟ್ಟು ಮಲಗುತ್ತಿದ್ದೆ. ಇಬ್ಬರೂ ದಣಿದವರೇ. ನಮ್ಮ ಸ್ನೇಹಕ್ಕೆ ಹೆಚ್ಚು ಮಾತು ಬೇಕಾಗಿರಲಿಲ್ಲ.

ಸಿಗುತ್ತಿದ್ದದ್ದು ಸೋಡಾ ಬಾಟಲಿಯ ಮುಚ್ಚಳ, ಮೊಳೆ, ತಂತಿಯ ತುಂಡು. ಒಮ್ಮೆ ಶಾಲೆಯೊಂದರ ಅಂಗಳದಲ್ಲಿ ನಡುವೆ ತೂತಿದ್ದ ಹಳೆಯ ಕಾಲದ ನಾಣ್ಯ ಸಿಕ್ಕಿತ್ತು. ಅದನ್ನೂ ಸೆರಗಿಗೆ ಒರೆಸಿ ನೋಡಿ, ಆ ಶಾಲೆಯ ಕಾವಲುಗಾರನಿಗೇ ಕೊಟ್ಟುಬಿಟ್ಟರು. ಹಾಗಾದರೆ ಈ ಒದ್ದಾಟ ಯಾಕೆ ಎಂದು ಕೇಳಿದೆ. "ವಾರ್ಡಿನಲ್ಲಿ ಬೆಲ್ ಆದ್ರೆ ಯಾರಿಗೋ ನೋವು ಅಂತ ಲೆಕ್ಕ. ಓಡ್ಬೇಕು. ಇದು ಕೂಗಿದ್ರೆ ಒಂದು ಸೋಡಾ ಮುಚ್ಚಳ, ಅಷ್ಟೇ ಮಾರಾಯ್ತಿ. ಯಾರಿಗೂ ಎಂತದೂ ಆಗಿರುದಿಲ್ಲ" ಎಂದರು.

ಆ ಮಾತು ಸುಳ್ಳಾದದ್ದು ಲಂಗಾಟಾ ಕಡೆಯ ಇನ್ನೊಂದು ಶಾಲೆಯ ಮೈದಾನದಲ್ಲಿ. ಹಿಂದಿನ ದಿನ ಮಳೆ ಬಂದು ನೆಲ ಹದವಾಗಿತ್ತು. ನಾನು ಕಾರಿನಲ್ಲಿ ಕಣ್ಣು ಮುಚ್ಚಿದ್ದೆ. ಅವರು ನನ್ನ ಹೆಸರು ಹಿಡಿದು ಕರೆದರು. ದನಿಯಲ್ಲಿ ಗಾಬರಿಯಿರಲಿಲ್ಲ, ರೋಗಿಯ ಮುಂದೆ ಡಾಕ್ಟರನ್ನು ಕರೆಯುವಂಥ ದನಿ. ಹತ್ತಿರ ಹೋಗುತ್ತಿದ್ದಂತೆ ಅಲ್ಲೇ ನಿಲ್ಲು ಎಂದು ಕೈ ತೋರಿಸಿದರು. ಅವರು ಅಗೆದ ಗುಂಡಿಯಲ್ಲಿ ತುಕ್ಕು ಹಿಡಿದ, ಮುಷ್ಟಿಗಾತ್ರದ ಉಂಡೆಯೊಂದು ಮಣ್ಣಿನಿಂದ ಅರ್ಧ ಹೊರಗೆ ಬಂದಿತ್ತು. ಮೈಮೇಲೆ ಚೌಕಚೌಕ ಗೆರೆ. ಹಳೆಯ ಕೈಬಾಂಬ್.

ಅಲ್ಲಿನ ಕಾವಲುಗಾರನಿಗೆ ಹೇಳಿ ಪೊಲೀಸರಿಗೆ ಫೋನ್ ಮಾಡಿಸಿದೆ. ಅವನು ಗೇಟು ಹಾಕಿ ನಿಂತ. ಆದರೆ ಫುಟ್‌ಬಾಲ್ ಆಡುವ ಮಕ್ಕಳು ಗೇಟಿನಿಂದ ಬರುವವರಲ್ಲ. ಬೇಲಿಯ ಕಂಡಿಗಳಿಂದ ನುಸುಳಿ ಬರತೊಡಗಿದರು. ನನ್ನನ್ನು ಬೇಲಿಯ ಬಳಿಗೆ ಕಳಿಸಿ, ಸೆವ್ರಿನ್ ಬಾಯಿ ಗುಂಡಿಗೂ ಮಕ್ಕಳಿಗೂ ನಡುವೆ ಎರಡು ಕೈ ಚಾಚಿ ನಿಂತರು. "ರುದಿನಿ ನ್ಯುಮಾ," ಹಿಂದೆ ಹೋಗಿ, ಎಂದು ಒಂದೇ ಸಮನೆ ಹೇಳುತ್ತಿದ್ದರು. ನೀವೂ ದೂರ ಬನ್ನಿ ಬಾಯಿ ಎಂದು ನಾನು ಎಷ್ಟು ಕೂಗಿದರೂ ಕದಲಲಿಲ್ಲ. ತಾನು ಸರಿದರೆ ಚೆಂಡಿನ ಹಿಂದೆ ಯಾವ ಮಗುವಾದರೂ ಅಲ್ಲಿಗೆ ಓಡುತ್ತದೆ ಎಂಬುದೊಂದೇ ಅವರ ಉತ್ತರ. ಮತ್ತೆ ಮಳೆ ಹನಿಯಿತು. ರಾತ್ರಿಯಿಡೀ ವಾರ್ಡಿನಲ್ಲಿ ನಿಂತು ಬಂದವರು ಇಲ್ಲೂ ನಿಂತೇ ಇದ್ದರು. ಪೊಲೀಸರು ಬಂದು, ಒಬ್ಬ ಅಧಿಕಾರಿ ಅವರ ಭುಜ ಹಿಡಿದು ಈಚೆ ಕರೆತರುವವರೆಗೂ ಕೈ ಇಳಿಸಲಿಲ್ಲ.

ಮಧ್ಯಾಹ್ನ ಮರಳಿನ ಚೀಲಗಳನ್ನು ಪೇರಿಸಿ ಅದನ್ನು ಅಲ್ಲೇ ಸಿಡಿಸಿದರು. ಮದ್ದಿಗೆ ಜೀವವಿತ್ತು, ಗೇಟಿನ ಆಚೆ ನಿಂತಿದ್ದ ನಮಗೂ ಕಾಲಡಿಯ ನೆಲ ಅದುರಿತು. ಮಕ್ಕಳು ಚಪ್ಪಾಳೆ ತಟ್ಟಿದರು. ಅಧಿಕಾರಿ ಸೆವ್ರಿನ್ ಬಾಯಿಯ ಕೈ ಕುಲುಕಿ, "ಅಸಾಂಟೆ, ಮಾಮಾ," ಉಪಕಾರವಾಯಿತು ಅಮ್ಮಾ, ಎಂದ. ಅವರು ಕಾರಿನಲ್ಲಿ ಕೂತು, ಮಣ್ಣಾದ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಮೊಂಬಾಸಾ ರಸ್ತೆಯ ಟ್ರಾಫಿಕ್ಕನ್ನೇ ನೋಡುತ್ತಿದ್ದರು. ಆಮೇಲೆ, "ಇನ್ನು ಇದೂ ವಾರ್ಡೇ ಆಯ್ತಲ್ಲ ಮಾರಾಯ್ತಿ" ಎಂದರು.

ಆಮೇಲೂ ಕೆಲವು ಸಲ ಹೋದೆವು. ಆದರೆ ಯಂತ್ರ ಕೂಗಿದಾಗಲೆಲ್ಲ ಅವರು ಬೆಚ್ಚುತ್ತಿದ್ದರು, ಅಗೆಯಲು ಹಿಂಜರಿಯುತ್ತಿದ್ದರು. ಕ್ರಮೇಣ ಬಿಟ್ಟೇಬಿಟ್ಟರು. ನಿವೃತ್ತಿಯಾದ ವರ್ಷವೇ ಹೊಟ್ಟೆಯಲ್ಲಿ ಗಡ್ಡೆ ಎಂದು ತಿಳಿಯಿತು.

ಕಳೆದ ಜುಲೈನಲ್ಲಿ ಅವರು ಕೆಲಸ ಮಾಡಿದ್ದ ಆಸ್ಪತ್ರೆಯಲ್ಲೇ ಕೊನೆಯ ಬಾರಿ ನೋಡಿದೆ. ಹಣ್ಣು ಒಯ್ದಿದ್ದೆ. ಹುಷಾರಾದ ಮೇಲೆ ಮತ್ತೆ ಹೋಗೋಣ, ಯಂತ್ರಕ್ಕೆ ಹೊಸ ಬ್ಯಾಟರಿ ಹಾಕಿಸುತ್ತೇನೆ ಎಂದೆ. ಅವರು ತಲೆಯಾಡಿಸಿದರು. ಹೋಗೋಣ ಎಂದೋ ಬೇಡ ಎಂದೋ ನನಗೆ ತಿಳಿಯಲಿಲ್ಲ. ಹಣ್ಣನ್ನು ಪಕ್ಕದ ಹಾಸಿಗೆಯವಳಿಗೆ ಕೊಡಲು ಹೇಳಿದರು. ಅವಳನ್ನು ನೋಡಲು ಯಾರೂ ಬರುವುದಿಲ್ಲವಂತೆ. ಕೊಟ್ಟು ತಿರುಗಿದಾಗ, "ನಿನಗೆ ಪೇಪರ್ ತಿದ್ಲಿಕ್ಕೆ ಉಂಟಲ್ವಾ, ಹೋಗು. ಮುಖ ನೋಡಿದ್ರೆ ನಿದ್ದೆ ಇಲ್ಲದ ಹಾಗೆ ಕಾಣ್ತದೆ" ಎಂದರು.

ನಾನು ನಿಜವಾಗಿಯೂ ದಣಿದಿದ್ದೆ. ಶನಿವಾರ ಬರುತ್ತೇನೆ ಎಂದು ಹೇಳಿ ಹೊರಟೆ. ಶುಕ್ರವಾರ ಬೆಳಿಗ್ಗೆ ಆಸ್ಪತ್ರೆಯಿಂದ ಫೋನ್ ಬಂತು.