ಸೊಸೆಯ ಹೊಟ್ಟೆಯಲ್ಲಿ ಹನುಮವ್ವನ ಕಿಡ್ನಿ

ಹೆಬ್ಬಗೋಡಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅತ್ತೆ ಸೊಸೆ ಸೇರಿ ಒಂದು ಖಾನಾವಳಿ ನಡೆಸುತ್ತಾರೆ. ಅತ್ತೆ ಹನುಮವ್ವ, ಸೊಸೆ ಮಹಾದೇವಿ. ಇಬ್ಬರೂ ಕುಷ್ಟಗಿ ಕಡೆಯವರು. ಮಹಾದೇವಿಯ ಗಂಡ ಹನುಮೇಶ ಎಲೆಕ್ಟ್ರಾನಿಕ್ ಸಿಟಿಯ ಕಟ್ಟಡಗಳಲ್ಲಿ ಕಬ್ಬಿಣ ಕಟ್ಟುವ ಕೆಲಸಗಾರ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಎಂದರೆ ಫ್ಯಾಕ್ಟರಿಯವರು ಸಾಲುಗಟ್ಟಿ ನಿಲ್ಲುತ್ತಿದ್ದರು. ಊಟದ ಜೊತೆಗೆ ಅತ್ತೆ ಸೊಸೆಯ ಜಗಳ ಪುಕ್ಕಟೆ. ಒಬ್ಬಳಿಗೆ ಉಪ್ಪು ಹೆಚ್ಚು ಅನ್ನಿಸಿದ್ದು ಇನ್ನೊಬ್ಬಳಿಗೆ ಸಪ್ಪೆ.

ಹೀಗಿದ್ದ ಮಹಾದೇವಿ ಮೂವತ್ತು ದಾಟುವಷ್ಟರಲ್ಲಿ ಮುಖ, ಕಾಲು ಊದಿಸಿಕೊಂಡು ಒಂದು ಮಧ್ಯಾಹ್ನ ಒಲೆಯ ಮುಂದೆಯೇ ಕುಸಿದಳು. ಎರಡೂ ಕಿಡ್ನಿ ಸೋತಿದ್ದವು. ಡಯಾಲಿಸಿಸ್ ಶುರುವಾಯಿತು. ಕುಡಿಯುವ ನೀರನ್ನೂ ಗುಟುಕು ಗುಟುಕಾಗಿ ಲೆಕ್ಕ ಹಾಕಬೇಕಾಯಿತು. ಅವಳ ತವರಿನಲ್ಲಿ ಕಿಡ್ನಿ ಕೊಡುವವರು ಯಾರೂ ಉಳಿದಿರಲಿಲ್ಲ, ಹನುಮೇಶನ ರಕ್ತದ ಗುಂಪು ಹೊಂದಲಿಲ್ಲ. ಆಗ ಹನುಮವ್ವ ತಾನಾಗಿಯೇ ತೋಳು ಚಾಚಿ ಕೂತಳು. "ನನ್ನ ರಕ್ತಾನೂ ತಗದು ನೋಡ್ರಿ." ಎಲ್ಲ ಪರೀಕ್ಷೆ ಮುಗಿಯಿತು. ಹೊಂದಿತು!

ಆದರೆ ಕಾನೂನಿನ ಕಣ್ಣಿಗೆ ಅತ್ತೆ ಹತ್ತಿರದ ಸಂಬಂಧಿಯಲ್ಲ. ಒಂದು ಸಮಿತಿ ಅವಳನ್ನು ಕರೆಸಿ ಕೂರಿಸಿ ವಿಚಾರಿಸಿತು.

"ಯಾರಾದ್ರೂ ಒತ್ತಾಯ ಮಾಡಿದ್ರಾ ಅಮ್ಮಾ?" ಎಂದರು ಹಿರಿಯರೊಬ್ಬರು.

"ನನಗ ಒತ್ತಾಯ ಮಾಡೋರು ಇನ್ನೂ ಹುಟ್ಟಿಲ್ರೀ ಸಾಹೇಬ್ರ."

"ಸೊಸೆ ಜೊತೆ ಚೆನ್ನಾಗಿದ್ದೀರಾ?"

"ಎಲ್ಲಿ ಚಂದರೀ? ದಿನಾ ಜಗಳ. ಆಕಿ ಹೋದ್ರ ನಾ ಯಾರ ಕೂಡ ಜಗಳಾಡ್ಲಿ?"

ಸಮಿತಿಯವರು ನಗುವನ್ನು ತಡೆದುಕೊಂಡು ಒಪ್ಪಿಗೆ ಕೊಟ್ಟರು.

ಆಪರೇಷನ್ ಮುಗಿದ ಮರುದಿನ ಮಹಾದೇವಿಯ ಮಂಚದ ಪಕ್ಕದ ಚೀಲ ಮೂತ್ರದಿಂದ ತುಂಬಿತ್ತು. ಹನುಮೇಶ ಅದನ್ನು ಫೋನಿನಲ್ಲಿ ಫೋಟೊ ತೆಗೆದು, ಬೇರೆ ವಾರ್ಡಿನಲ್ಲಿ ಮಲಗಿದ್ದ ತಾಯಿಗೆ ತೋರಿಸಿದ. ಮೊಮ್ಮಗುವಿನ ಫೋಟೊ ಎಂಬಂತೆ ಆಕೆ ಅದನ್ನು ದೊಡ್ಡದು ಮಾಡಿ ಮಾಡಿ ನೋಡಿದಳು. ಕೆಲವು ದಿನ ಕಳೆದು ಮಹಾದೇವಿ ಒಂದು ತಂಬಿಗೆ ನೀರನ್ನು ಯಾರ ಭಯವೂ ಇಲ್ಲದೆ ಎತ್ತಿ ಗಟಗಟ ಕುಡಿದಳು. ಗದ್ದದಿಂದ ಹರಿದ ನೀರನ್ನೂ ಒರೆಸಿಕೊಳ್ಳಲಿಲ್ಲ.

ಮನೆಗೆ ಕಳಿಸುವಾಗ ಡಾಕ್ಟರ್ ಸ್ಫೂರ್ತಿ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡರು.

"ನಮ್ಮ ಮೈಯೊಳಗೆ ಕಾವಲಿನವರು ಇರ್ತಾರೆ. ರೋಗ ಬಂದ್ರೆ ಹೊಡೆದು ಓಡಿಸ್ತಾರೆ. ಅವರ ಲೆಕ್ಕದಲ್ಲಿ ಈ ಕಿಡ್ನಿನೂ ಹೊರಗಿಂದ ಬಂದಿದ್ದು. ಅದರ ಮೇಲೂ ಬೀಳ್ತಾರೆ. ಅವರನ್ನ ಸುಮ್ಮನಿರಿಸೋಕೇ ಈ ಮಾತ್ರೆ. ಬೆಳಿಗ್ಗೆ, ಸಂಜೆ, ಹೊತ್ತು ತಪ್ಪೋ ಹಾಗಿಲ್ಲ."

"ಹೊರಗಿಂದಾ?" ಹನುಮವ್ವನಿಗೆ ಅವಮಾನವಾಯಿತು. "ಹತ್ತು ವರ್ಷ ಒಂದ ಒಲಿ ಮುಂದ ಕುಂತೀವ್ರೀ ಡಾಕ್ಟರ!"

"ಅದು ನಿಮಗೆ ಗೊತ್ತು. ಮೈಗೆ ಗೊತ್ತಿಲ್ವಲ್ಲಮ್ಮ."

"ಮುಂದಾದ್ರೂ ಗೊತ್ತಾಕ್ಕೈತಿಲ್ರೀ?"

"ಸ್ವಲ್ಪ ಒಗ್ಗಿಕೊಳ್ಳುತ್ತೆ. ಮಾತ್ರೆ ಕಡಿಮೆ ಮಾಡ್ತೀವಿ. ಪೂರ್ತಿ ಬಿಡೋಕೆ ಮಾತ್ರ ಆಗಲ್ಲ. ನನ್ನ ಕೇಳದೆ ಬೇರೆ ಔಷಧಿನೂ ಬೇಡ."

ಅಂದಿನಿಂದ ಮಾತ್ರೆಯ ಹೊತ್ತಿಗೆ ಹನುಮವ್ವ ಗಿರಾಕಿಯ ತಟ್ಟೆಯನ್ನು ಅರ್ಧಕ್ಕೇ ಬಿಟ್ಟು ಒಳಗೆ ಓಡುತ್ತಿದ್ದಳು. ಸೊಸೆ ನುಂಗಿ, ಬಾಯಿ ತೆರೆದು ತೋರಿಸುವವರೆಗೆ ಕದಲುತ್ತಿರಲಿಲ್ಲ.

ಆದರೆ ಮಾತ್ರೆಯಿಂದ ಕಾವಲು ತಗ್ಗಿದ ಮೈಗೆ ನೆಗಡಿ, ಕೆಮ್ಮು ಬೇಗ ಅಂಟುತ್ತಿದ್ದವು. ಸೊಸೆ ಸೀನಿದಾಗಲೆಲ್ಲ ಹನುಮವ್ವ ಅವಳ ಹಣೆ ಮುಟ್ಟಿ ನೋಡುತ್ತಿದ್ದಳು. ಪಕ್ಕದ ಮನೆಯ ಗೋಡೆಯ ಮೇಲೆ ಅಮೃತಬಳ್ಳಿ ಹಬ್ಬಿತ್ತು. ಅದು ಮೈಗೆ ಶಕ್ತಿ ಎಂದು ಊರೇ ಹೇಳುತ್ತದೆ. ಕಷಾಯವನ್ನು ಯಾರಾದರೂ ಔಷಧಿ ಅನ್ನುತ್ತಾರೆಯೇ? ಆಕೆ ಕುದಿಸಿ ಕೊಟ್ಟಳು, ಮಹಾದೇವಿ ಮುಖ ಕಿವುಚಿಕೊಂಡು ಕುಡಿದಳು.

ಮುಂದಿನ ರಕ್ತ ಪರೀಕ್ಷೆಯಲ್ಲಿ, ಕಿಡ್ನಿ ಸೋಸಿ ಹೊರಹಾಕಬೇಕಾದ ಕ್ರಿಯಾಟಿನಿನ್ ಎಂಬ ಕಸ ಏರಿತ್ತು. ಮಹಾದೇವಿಗೆ ನೋವಿಲ್ಲ, ಊತವಿಲ್ಲ, ಅಂದೇ ರೊಟ್ಟಿ ಬಡಿದು ಬಂದಿದ್ದಳು. ಕಿಡ್ನಿಯ ಚೂರು ತೆಗೆದು ನೋಡಿದಾಗ ಗೊತ್ತಾಯಿತು, ಮೈ ಅದನ್ನು ತಿರಸ್ಕರಿಸಲು ಶುರು ಮಾಡಿತ್ತು.

"ಮಾತ್ರೆ ತಪ್ಪಿಸಿದ್ರಾ? ಬೇರೇನಾದ್ರೂ ಕೊಟ್ರಾ?" ಎಂದು ಡಾಕ್ಟರ್ ಕೇಳಿದಾಗ ಹನುಮವ್ವ ಕಷಾಯದ ಹೆಸರು ಹೇಳಿದಳು. ಅವಳ ದನಿ ಅಷ್ಟು ತಗ್ಗಿದ್ದನ್ನು ಮಹಾದೇವಿ ಎಂದೂ ಕೇಳಿರಲಿಲ್ಲ.

ಡಾಕ್ಟರ್ ಬೈಯಲಿಲ್ಲ. "ನಾವು ಮಲಗಿಸಿದ ಕಾವಲಿನವರನ್ನ ಆ ಬಳ್ಳಿ ಎಬ್ಬಿಸಬಹುದು. ಅದೇ ಕಾರಣ ಅಂತ ಖಚಿತವಾಗಿ ಹೇಳಲಾರೆ. ಇವತ್ತೇ ನಿಲ್ಲಿಸಿ. ಬೇಗ ಸಿಕ್ಕಿಬಿದ್ದಿದೆ, ಇಂಜೆಕ್ಷನ್‌ಗೆ ಬಗ್ಗುತ್ತೆ."

ಡ್ರಿಪ್ಪಿನಲ್ಲಿ ಇಂಜೆಕ್ಷನ್ ಇಳಿಯುವಾಗ ಹನುಮವ್ವ ವಾರ್ಡಿನ ಬೆಂಚಿನ ಮೇಲೆ ಮುಸುಕು ಎಳೆದುಕೊಂಡು ಕೂತಳು. ಊಟ ಮುಟ್ಟಲಿಲ್ಲ. ಮಹಾದೇವಿ ಮಂಚದಿಂದಲೇ ಕೂಗಿದಳು.

"ಅತ್ತಿ, ಉಪಾಸ ಬಿದ್ದು ಇರೋ ಒಂದ ಕಿಡ್ನೀನೂ ಕೆಡಿಸ್ಕೋಬ್ಯಾಡ್ರಿ. ಈಗ ಇದನ್ನ ವಾಪಸ್ ಕೇಳಿದ್ರ ನಾ ಕೊಡಾಂಗಿಲ್ಲ!"

"ಯಾರಿಗ್ ಬೇಕಬೇ ನೀ ವಾಪರಿಸಿ ಹಳೇದು ಮಾಡಿದ್ದು!" ಎಂದಳು ಹನುಮವ್ವ ಮುಸುಕಿನೊಳಗಿಂದ. ಎದುರು ಮಂಚದವರೂ ನಕ್ಕರು. ಹನುಮವ್ವ ಬುತ್ತಿ ಬಿಚ್ಚಿದಳು.

ಆ ವಾರವೇ ಕ್ರಿಯಾಟಿನಿನ್ ಇಳಿಯತೊಡಗಿತು. ಡಾಕ್ಟರ್ ಸ್ಫೂರ್ತಿ ರಿಪೋರ್ಟನ್ನು ನರ್ಸ್ ಕೈಲಿ ಕಳಿಸದೆ ತಾವೇ ನಗುತ್ತಾ ತಂದರು.

ಕಳೆದ ಜನವರಿಯಲ್ಲಿ ಆಸ್ಪತ್ರೆಯವರು ಕಿಡ್ನಿ ಕೊಟ್ಟವರನ್ನೂ ಪಡೆದವರನ್ನೂ ಕರೆದು ಆಟೋಟ ಇಟ್ಟಿದ್ದರು. ಕೊನೆಯದು ಮೂರು ಕಾಲಿನ ಓಟ. ಕೊಟ್ಟವರ ಒಂದು ಕಾಲಿಗೂ ಪಡೆದವರ ಒಂದು ಕಾಲಿಗೂ ಟವೆಲ್ ಕಟ್ಟಿದರು. ಹನುಮವ್ವ ಸೀರೆಯನ್ನು ಮೇಲಕ್ಕೆ ಸಿಕ್ಕಿಸಿಕೊಂಡಳು. ಸೀಟಿ ಊದಿದರು.

"ಎಡಗಾಲು ಅತ್ತಿ, ಎಡಗಾಲು!"

"ನನಗ ಎಡ, ನಿನಗ ಬಲ, ಕತ್ತೆ!"

ನಾಲ್ಕು ಹೆಜ್ಜೆಗೆ ಇಬ್ಬರೂ ಹುಲ್ಲಿನ ಮೇಲೆ ಉರುಳಿದರು. ಡಾಕ್ಟರ್ ಗಾಬರಿಯಿಂದ ಓಡಿಬಂದರೆ, ಬಿದ್ದವರಿಗೆ ನಗು ತಡೆಯಲಾಗುತ್ತಿಲ್ಲ. ಹನುಮೇಶ ಎತ್ತಲು ಬಂದವನು ತಾನೂ ನಗುತ್ತಾ ಕುಕ್ಕರಿಸಿದ. ಉಳಿದವರೆಲ್ಲ ಗೆರೆ ದಾಟಿ ಬಹುಮಾನ ಪಡೆಯುತ್ತಿದ್ದರು. ಅತ್ತೆ ಸೊಸೆ ಒಬ್ಬರ ಹೆಗಲು ಒಬ್ಬರು ಹಿಡಿದು ಎದ್ದು, ಕುಂಟುತ್ತಾ, ಜಗ್ಗಾಡುತ್ತಾ, ಎಲ್ಲರಿಗಿಂತ ಕೊನೆಗೆ ಗೆರೆ ಮುಟ್ಟಿದರು. ಇಡೀ ಮೈದಾನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿತ್ತು.