ಬಾಯಿಸಾಲಿನ ಶೆಟ್ಟರು

೧೯೫೮ರ ಬೇಸಿಗೆ ರಜದ ಒಂದು ಭಾನುವಾರ ಸಂಜೆ, ಅರಕಲಗೂಡಿನ ಛತ್ರವೊಂದರಲ್ಲಿ, ಹಾಸನದ ಬಾಲಭಜನಾ ಮಂಡಳಿಯ ಮಕ್ಕಳು ತಮ್ಮ ಸಂಸ್ಥಾಪಕರು ನಿಲ್ಲಿಸಿ ಎಂದು ಕೈ ಎತ್ತಿದ ಮೇಲೂ ಹಾಡಿದರು. ಹಾಡು ಮುಗಿಯುವವರೆಗೂ ಹಾಡಿದರು. ಸಂಸ್ಥಾಪಕರ ಹೆಸರು ವೀರಭದ್ರಶೆಟ್ಟರು. ನಾನು ಆಗ ಮೈಸೂರಿನ ಒಂದು ಪತ್ರಿಕೆಗೆ ಹಾಸನದಿಂದ ಸುದ್ದಿ ಕಳಿಸುತ್ತಿದ್ದೆ. ಆ ಸಭೆಯಲ್ಲಿ ಇದ್ದೆ.

ಶೆಟ್ಟರ ವಿಷಯದಲ್ಲಿ ಮೊದಲು ಹೇಳಬೇಕಾದದ್ದು ಅವರ ನಗು. ಪೇಟೆ ಬೀದಿಯಲ್ಲಿ ಅವರಿಗೆ ಜವಳಿ ಅಂಗಡಿ ಇತ್ತು. ಗಿರಾಕಿ ಹೊಸ್ತಿಲು ದಾಟಿದಾಗ ಬರುತ್ತಿದ್ದ ನಗು, ಗಿರಾಕಿ ಬರಿಗೈಯಲ್ಲಿ ಇಳಿದುಹೋದ ಕೂಡಲೇ ಹೋಗುತ್ತಿತ್ತು. ನಡುವೆ ಮುಖದಲ್ಲಿ ಬೇರೇನೂ ಇರುತ್ತಿರಲಿಲ್ಲ. ಇದೇ ನಗುವನ್ನು ಅವರು ಊರಿನ ಮಕ್ಕಳಿಗೂ ಕಲಿಸಲು ಹೊರಟರು.

"ಸಿಟಿ ಮಕ್ಕಳು ಕೆಟ್ಟೋಗ್ತಾ ಇದಾವೆ ಕಣ್ರೀ. ಗುರಿ ಇಲ್ಲ, ಸಂತೋಷ ಇಲ್ಲ. ಸಿನಿಮಾ ಟೆಂಟಿನ ಹಿಂದೆ ಸುತ್ತೋದೇ ಕೆಲಸ" ಎಂದು ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಿದ್ದರು. ಆ ಕಾಲದ ಹಾಸನವನ್ನು ಸಿಟಿ ಎಂದು ಕರೆದವರು ನನಗೆ ತಿಳಿದಂತೆ ಅವರೊಬ್ಬರೇ. ಬಸ್ ಸ್ಟ್ಯಾಂಡಿನಿಂದ ಯಾವ ದಿಕ್ಕಿಗೆ ಹೊರಟರೂ ಒಂದೆರಡು ಬೀಡಿ ಸೇದಿ ಮುಗಿಸುವುದರೊಳಗೆ ರಾಗಿ ಹೊಲ ಸಿಗುತ್ತಿತ್ತು. ಆ ಮಕ್ಕಳಿಗೆ ಸಂತೋಷ ಇರಲಿಲ್ಲ ಎಂಬುದಕ್ಕೂ ಪುರಾವೆ ಇರಲಿಲ್ಲ. ಚಿನ್ನಿದಾಂಡು ಆಡುತ್ತಾ ಶೆಟ್ಟರ ಅಂಗಡಿಯ ಗಾಜು ಒಡೆದವರಲ್ಲಿ ಅದು ಸಾಕಷ್ಟು ಕಂಡಿತ್ತು.

ಮಂಡಳಿ ಸೇರುತ್ತಿದ್ದದ್ದು ಭಾನುವಾರ ಬೆಳಗ್ಗೆ, ಅಂಗಡಿಯ ಮೇಲಿನ ಅಟ್ಟದಲ್ಲಿ. ಮೆಟ್ಟಿಲ ಬಳಿ ಒಂದು ಬೋರ್ಡು, ಅದರ ಮೇಲೆ ಕೆಂಪಕ್ಷರದಲ್ಲಿ 'ಆನಂದ, ಆದರ್ಶ'. ಬಂದ ಮಕ್ಕಳ ಹಣೆಗೆ ಶೆಟ್ಟರೇ ವಿಭೂತಿ ಹಚ್ಚುತ್ತಿದ್ದರು. ಆಮೇಲೆ ಹಾರ್ಮೋನಿಯಮ್ಮಿನ ಮುಂದೆ ಕೂತು ಹೊಸ ಮಗುವಿನಿಂದ ಒಂದು ಸಾಲು ಹಾಡಿಸಿ, ಕಣ್ಣು ಮುಚ್ಚಿ ಕೇಳಿ, ತೀರ್ಪು ಕೊಡುತ್ತಿದ್ದರು. ತೀರ್ಪು ಎರಡೇ ಬಗೆ. ಒಂದು, ಹಾಡುವ ಸಾಲು. ಅದರಲ್ಲಿ ಐದು ಮಕ್ಕಳು. ಇನ್ನೊಂದು, ಅದರ ಹಿಂದಿನ ಸಾಲುಗಳು. ಮಿಕ್ಕ ಮಕ್ಕಳೆಲ್ಲ ಅಲ್ಲಿ ನಿಲ್ಲಬೇಕು, ಪದಕ್ಕೆ ಸರಿಯಾಗಿ ತುಟಿ ಆಡಿಸಬೇಕು, ಉಸಿರು ಹೊರಡಬಾರದು. ಮಕ್ಕಳೇ ಅದಕ್ಕೆ ಬಾಯಿಸಾಲು ಎಂದು ಹೆಸರಿಟ್ಟಿದ್ದರು.

"ನೀನು ಬಾಯಿ ಬಿಡು ಮಗ, ದನಿ ಬೇಡ" ಎಂದು ಶೆಟ್ಟರು ಹೇಳಿದ್ದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ದನಿ ಬೇಡವಾದ ಮೇಲೆ ಮಕ್ಕಳು ಯಾಕೆ ಬೇಕು ಎಂದು ಒಮ್ಮೆ ಕೇಳಿದೆ.

"ಐದು ಮಕ್ಕಳನ್ನ ನಿಲ್ಸಿದ್ರೆ ಮನೆ ಆರತಿ ಅಂತಾರೆ. ಮೂವತ್ತು ನಿಲ್ಸಿದ್ರೆ ಚಳವಳಿ ಅಂತಾರೆ. ಅಮಲ್ದಾರ್ರು ಆರತಿಗೆ ಬರ್ತಾರೇನಪ್ಪ?"

ತಾಲೂಕು ಕಚೇರಿಯ ಅಮಲ್ದಾರರ ಮಗಳಿಗೆ ಶ್ರುತಿಯ ಗಾಳಿಯೂ ಸೋಕಿರಲಿಲ್ಲ. ಆಕೆ ಹಾಡುವ ಸಾಲಿನಲ್ಲಿದ್ದಳು. ನನ್ನ ತಂಗಿ ನಾಗರತ್ನಳ ದನಿ ಒರಟು, ಆದರೆ ಶ್ರುತಿ ಬಿಡುತ್ತಿರಲಿಲ್ಲ. ನಮ್ಮ ತಂದೆ ಬಸ್ ಸ್ಟ್ಯಾಂಡಿನಲ್ಲಿ ಟಿಕೆಟ್ ಏಜೆಂಟು. ನಾಗು ಬಾಯಿಸಾಲಿನಲ್ಲಿದ್ದಳು. ಆಗ ಅವಳಿಗೆ ಹತ್ತು ವರ್ಷ.

ಶೆಟ್ಟರು ನನ್ನ ಬಳಿ ಬರುತ್ತಿದ್ದದ್ದು ಗುರುವಾರ. ಭಾನುವಾರದ ಕಾರ್ಯಕ್ರಮದ ವರದಿಯನ್ನು ತಾವೇ ಬರೆದು ತರುತ್ತಿದ್ದರು. 'ಪುಟಾಣಿಗಳ ಮುಖದಲ್ಲಿ ಆನಂದ ಉಕ್ಕಿ ಹರಿಯುತ್ತಿತ್ತು' ಎಂಬ ವಾಕ್ಯ ಪ್ರತಿ ಸಲವೂ ಇರುತ್ತಿತ್ತು.

"ಶೆಟ್ಟರೇ, ಇದು ಇನ್ನೂ ಆಗಿಲ್ಲವಲ್ಲ?"

"ಆಗೇ ಆಗುತ್ತಲ್ಲಪ್ಪ. ನಮ್ಮಲ್ಲಿ ಹೆಚ್ಚುಕಮ್ಮಿ ಆಗೋ ಪದ್ಧತಿ ಇಲ್ಲ."

ನಾನು ಉಕ್ಕುವುದನ್ನೂ ಹರಿಯುವುದನ್ನೂ ಹೊಡೆದುಹಾಕಿ, ಎಲ್ಲಿ, ಯಾರು ಎಂಬಿಷ್ಟನ್ನು ಉಳಿಸಿಕೊಂಡು, ಕಾರ್ಯಕ್ರಮ ಆದ ಮೇಲೆ ಮೈಸೂರು ಬಸ್ಸಿನಲ್ಲಿ ಕಳಿಸುತ್ತಿದ್ದೆ. ಅದಕ್ಕೆ ಅವರಿಗೆ ನನ್ನ ಮೇಲೆ ಅಸಮಾಧಾನ. "ನಿಮ್ಮ ಬರವಣಿಗೇಲಿ ಭಕ್ತಿ ಕಮ್ಮಿ" ಎನ್ನುತ್ತಿದ್ದರು.

ಒಮ್ಮೆ ಮಂಡಳಿಯನ್ನು ಹೊಳೆನರಸೀಪುರಕ್ಕೆ ಕರೆದುಕೊಂಡು ಹೋದರು. ಉರಿ ಬಿಸಿಲು. ಎದುರಿಗೆ ಹೇಮಾವತಿ. ಅಷ್ಟು ನೀರನ್ನು ಒಟ್ಟಿಗೆ ನೋಡಿರದ ಮಕ್ಕಳೇ ಹೆಚ್ಚು. ಶೆಟ್ಟರು ಅವರನ್ನು ಮರಳಿನ ಮೇಲೆ ಹೊಳೆಗೆ ಬೆನ್ನು ಮಾಡಿ ಕೂರಿಸಿದರು. ಫೋಟೋದವನು ಬರುವುದು ತಡವಾಗಿತ್ತು. ನೀರಿಗಿಳಿದರೆ ವಿಭೂತಿ ಅಳಿಸುತ್ತದೆ, ಬಿಳಿ ಅಂಗಿ ಒದ್ದೆಯಾಗುತ್ತದೆ. ಒಬ್ಬ ಹುಡುಗ ಹಿಂದಕ್ಕೆ ತಿರುಗಿ ನೀರು ನೋಡಿದ್ದಕ್ಕೆ ಗದರಿಸಿದರು. ಕಡೆಗೆ ಫೋಟೋದವನು ಬಂದು ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿದಾಗ ಶೆಟ್ಟರು ಕೂಗಿದರು: "ನಗ್ರೋ! ಸಂತೋಷವಾಗಿದೀವಿ ಅಂತ ನೋಡ್ದೋರಿಗೆ ಗೊತ್ತಾಗ್ಬೇಕು!" ಆ ಫೋಟೋ ಅಂಗಡಿಯಲ್ಲಿ ಬಹಳ ವರ್ಷ ತೂಗುತ್ತಿತ್ತು. ಎಲ್ಲ ಮಕ್ಕಳೂ ನಕ್ಕಿದ್ದಾರೆ. ಒಬ್ಬರೂ ಒದ್ದೆಯಾಗಿಲ್ಲ.

ಒಂದು ವಿಷಯವನ್ನು ಮಾತ್ರ ಶೆಟ್ಟರ ಪರವಾಗಿ ದಾಖಲಿಸಬೇಕು. ಊರಿಂದೂರಿಗೆ ಹೋಗಲು ಲಾರಿ ಗೊತ್ತು ಮಾಡುತ್ತಿದ್ದವರು ಅವರೇ. ಚನ್ನರಾಯಪಟ್ಟಣದಲ್ಲಿ ಯಾರೋ ಹೊದಿಸಿದ ಶಾಲನ್ನು ಬೇಸಿಗೆಯಲ್ಲೂ ಹೊದ್ದುಕೊಂಡು ಅವರು ಮುಂದೆ ಡ್ರೈವರ್ ಪಕ್ಕ ಕೂರುತ್ತಿದ್ದರು. ಹಿಂದೆ ಮಕ್ಕಳು, ಅವರ ಜೊತೆ ನಾನು. ಲಾರಿಯ ಸದ್ದಿನಲ್ಲಿ ಮುಂದಿನವರಿಗೆ ಹಿಂದಿನದು ಕೇಳುತ್ತಿರಲಿಲ್ಲ. ಅಲ್ಲಿ ಸಾಲು ಇರಲಿಲ್ಲ. ಬಾಯಿಸಾಲಿನವರು ಗಂಟಲು ಹರಿಯುವ ಹಾಗೆ ಹಾಡುತ್ತಿದ್ದರು. ಎಲ್ಲ ಹಾಡಿನ ಎಲ್ಲ ಪದವೂ ಅವರಿಗೆ ಬಾಯಿಗೆ ಬರುತ್ತಿತ್ತು, ಯಾಕೆಂದರೆ ತುಟಿ ತಪ್ಪಿದರೆ ಶೆಟ್ಟರು ಕಿವಿ ಹಿಂಡುತ್ತಿದ್ದರು. ಮಂಡಳಿಯ ಆನಂದ ನನಗೆ ಕಂಡದ್ದು ಆ ಲಾರಿಯಲ್ಲಿ. ಶೆಟ್ಟರಿಗೆ ಅದು ಗೊತ್ತಿರಲಿಲ್ಲ.

ಅರಕಲಗೂಡಿನ ಕಾರ್ಯಕ್ರಮ ಗೊತ್ತಾದಾಗ ನಾಗು ಅನ್ನ ಬಿಟ್ಟಳು. ಕಾರಣ ನಮ್ಮ ತಾಯಿಯ ತಾಯಿ. ಅಜ್ಜಿ ಇದ್ದದ್ದು ಅರಕಲಗೂಡು ತಾಲೂಕಿನ ಮಲ್ಲಿಪಟ್ಟಣದಲ್ಲಿ, ನಮ್ಮ ಸೋದರಮಾವನ ಮನೆಯಲ್ಲಿ. ಎರಡು ಕಣ್ಣಿಗೂ ಪೊರೆ ಬಂದು ಏನೂ ಕಾಣುತ್ತಿರಲಿಲ್ಲ. ಹಬ್ಬಕ್ಕೆ ಹೋದಾಗ ನಾಗು ಅವರ ಮಡಿಲಲ್ಲಿ ಕೂತು, ತಾನು ಮಂಡಳಿಯಲ್ಲಿ ಹಾಡುತ್ತೇನೆಂದೂ ಜನ ಕೇಳಲು ಬರುತ್ತಾರೆಂದೂ ಹೇಳಿಬಿಟ್ಟಿದ್ದಳು. ಈಗ ಅಜ್ಜಿ ಗಾಡಿ ಕಟ್ಟಿಸಿಕೊಂಡು ಮೊಮ್ಮಗಳ ಹಾಡು ಕೇಳಲು ಬರುವವರಿದ್ದರು.

"ಅಣ್ಣ, ಬೇರೆಯೋರಾದ್ರೆ ನನ್ನ ಬಾಯಿ ನೋಡ್ಕೊಂಡು ಹಾಡ್ತಿದಾಳೆ ಅನ್ಕೋತಾರೆ. ಅಜ್ಜಿ ಏನು ನೋಡುತ್ತೆ?" ಎಂದಳು.

ನಾನು ಅಂಗಡಿಗೆ ಹೋದೆ. ಶೆಟ್ಟರು ಮೊಳಕೋಲಿನಲ್ಲಿ ಬಟ್ಟೆ ಅಳೆಯುತ್ತಿದ್ದರು. ಒಂದು ಹಾಡಿಗೆ ಮಾತ್ರ ನಾಗುವನ್ನು ಮುಂದಿನ ಸಾಲಿಗೆ ತನ್ನಿ, ಅಜ್ಜಿಗೆ ಕಣ್ಣಿಲ್ಲ ಎಂದೆ.

"ಬಾಯಿ ಆಡ್ಸೋದೂ ಸೇವೆನೇ ಕಣಪ್ಪ. ಶಿವನಿಗೆ ದನಿಯೇ ಬೇಕು ಅಂತ ಎಲ್ಲಿದೆ?"

"ಶಿವನಿಗೆ ಬೇಡದಿರಬಹುದು. ನಮ್ಮಜ್ಜಿಗೆ ಬೇಕು."

"ನಿಮ್ಮಜ್ಜಿ ಒಬ್ಬರಿಗೋಸ್ಕರ ಮಂಡಳಿ ಶ್ರುತಿ ಕೆಡ್ಸೋಕಾಗುತ್ತಾ? ಅಮಲ್ದಾರ್ರು ಅಧ್ಯಕ್ಷತೆ ವಹಿಸ್ತಿದಾರೆ." ಗಿರಾಕಿಯೊಬ್ಬ ಒಳಗೆ ಬಂದ. ನಗು ಬಂತು. ನನ್ನ ಮಾತು ಅಲ್ಲಿಗೆ ಮುಗಿಯಿತು.

ಛತ್ರದಲ್ಲಿ ವ್ಯವಸ್ಥೆ ಎಂದಿನಂತೆಯೇ ಇತ್ತು. ಮಕ್ಕಳು ವೇದಿಕೆಯ ಮೇಲೆ. ಪಕ್ಕಕ್ಕೆ ಹಾರ್ಮೋನಿಯಮ್ಮಿನೊಂದಿಗೆ ಶೆಟ್ಟರು. ಜನರ ಹಿಂದೆ, ಎದುರು ಗೋಡೆಯ ಮೇಲೆ ಎತ್ತರದಲ್ಲಿ, ಶಿವನ ಪಟ. ಮಕ್ಕಳು ಜನರನ್ನಾಗಲಿ ಶೆಟ್ಟರನ್ನಾಗಲಿ ನೋಡಬಾರದು. ಹಾಡು ಶುರುವಾದರೆ ಮುಗಿಯುವವರೆಗೆ ಪಟದಿಂದ ಕಣ್ಣು ತೆಗೆಯಬಾರದು. ಮುಖ ಮೇಲೆತ್ತಿದರೆ ಭಕ್ತಿ ಕಾಣುತ್ತದೆ ಎಂಬುದು ಶೆಟ್ಟರ ಲೆಕ್ಕ. ಈ ಒಂದು ವಿಷಯವನ್ನು ಅವರು ಮಕ್ಕಳಿಗೆ ಚೆನ್ನಾಗಿ ಕಲಿಸಿದ್ದರು.

ಅಜ್ಜಿಯನ್ನು ಮಾವ ಕೈಹಿಡಿದು ತಂದು ಮುಂದುಗಡೆ ಕೂರಿಸಿದ. ಅಮಲ್ದಾರರು ಕೂತ ಮೇಲೆ ಹಾಡು ಶುರುವಾಯಿತು. ಶೆಟ್ಟರೇ ಕಟ್ಟಿದ್ದು: 'ಒಂದೇ ದನಿಯಲಿ ಕರೆವೆವು ಶಿವನೇ, ಓಗೊಡು ಬೇಗನೆ ನೀನು.' ಮೊದಲ ನುಡಿ ಮುಗಿಯುತ್ತಲೇ ಅಜ್ಜಿ ಮಾತಾಡಿದರು. ಕಣ್ಣು ಹೋದ ಮೇಲೆ ಅವರ ದನಿ ಜೋರಾಗಿತ್ತು.

"ಎಲ್ಲೋ ನಾಗು? ಇದ್ರಾಗೆ ನಾಗು ದನಿ ಇಲ್ವಲ್ಲೋ."

"ಆಡ್ತಾವ್ಳೆ ಸುಮ್ಕಿರವ್ವ" ಎಂದ ಮಾವ. "ಬಾಯಿ ಆಡುಸ್ತಾವ್ಳೆ, ನಂಗೆ ಕಾಣ್ತಾ ಐತೆ."

"ಬಾಯಿ ಆಡುಸಾಕೆ ಅವಳೇನು ಮೇವು ತಿಂತಾವ್ಳಾ? ನಾಕೈದು ಐಕ್ಳ ದನಿ ಕಣ್ಲಾ ಕೇಳ್ತಿರಾದು."

"ಮೂವತ್ತು ಐಕ್ಳು ನಿಂತವೆ ಕಣವ್ವ!"

"ಮೂವತ್ತು ಐಕ್ಳು ಆಡುದ್ರೆ ಸೂರು ಕಿತ್ಕೊಂಡು ಓಗ್ಬೇಕು. ಇದೇನ್ಲಾ ಇದು, ಸೊಳ್ಳೆ ಗುಂಯ್‌ಗುಟ್ದಂಗೆ! ಮಿಕ್ಕವು ಏನ್ಮಾಡ್ತಾ ಅವೆ?"

ಸಭೆಯಲ್ಲಿ ನಗು ಹೊರಟಿತು. ಅದುವರೆಗೂ ಗಮನಿಸದಿದ್ದವರು ಕತ್ತು ಚಾಚಿ ಹಿಂದಿನ ಸಾಲುಗಳನ್ನು ನೋಡತೊಡಗಿದರು. ಶೆಟ್ಟರು ಹಾರ್ಮೋನಿಯಮ್ಮಿನ ಸದ್ದು ಏರಿಸಿದರು. ಅದರ ಮೇಲೆ ಅಜ್ಜಿ ಕೂಗಿದರು: "ನಾಗೂ! ಎಲ್ಲಿದ್ದೀಯೆ ಮಗಾ?"

ನಾಗು ಪಟದಿಂದ ಕಣ್ಣು ತೆಗೆಯಲಿಲ್ಲ. ಎರಡನೆಯ ನುಡಿಯನ್ನು ಲಾರಿಯಲ್ಲಿ ಹಾಡುತ್ತಿದ್ದ ಹಾಗೆ ಹಾಡಿದಳು. ಪಕ್ಕದ ಹುಡುಗಿ ಸೇರಿದಳು. ಆಮೇಲೆ ಆ ಸಾಲು, ಅದರ ಹಿಂದಿನ ಸಾಲು. ನಿಲ್ಲಿಸಿ ಎಂದು ಶೆಟ್ಟರು ಎಡಗೈ ಎತ್ತಿದರು. ಹಾರ್ಮೋನಿಯಮ್ಮಿಗೆ ಗಾಳಿ ಹಾಕುತ್ತಿದ್ದದ್ದು ಅದೇ ಕೈ. ವಾದ್ಯ ಮುಲುಗಿ ಸುಮ್ಮನಾಯಿತು. ಈಗ ಮಕ್ಕಳ ದನಿ ಮಾತ್ರ ಉಳಿಯಿತು. "ದನಿ ಬೇಡ! ದನಿ ಬೇಡ!" ಎಂದು ಶೆಟ್ಟರು ಎದ್ದು ನಿಂತು ಎರಡು ಕೈಯನ್ನೂ ಆಡಿಸಿದರು. ಅಮಲ್ದಾರರ ಮಗಳು ತಿರುಗಿ ನೋಡಿ ಹಾಡು ನಿಲ್ಲಿಸಿದಳು. ಹಾಡುವ ಸಾಲಿನ ಮಿಕ್ಕ ನಾಲ್ವರೂ ನಿಲ್ಲಿಸಿದರು. ಬಾಯಿಸಾಲಿನ ಮಕ್ಕಳು ಕಲಿಸಿದಂತೆ ಶಿವನನ್ನೇ ನೋಡುತ್ತಾ ಕಡೆಯ ನುಡಿಯವರೆಗೆ ಹಾಡಿದರು.

ಇಂಪಾಗಿತ್ತು ಎಂದು ಬರೆಯಲಾರೆ. ಜೋರಾಗಿತ್ತು. ಅಜ್ಜಿ ಮೊಣಕಾಲ ಮೇಲೆ ತಾಳ ಹಾಕುತ್ತಾ, "ಅಗೋ ಅದು, ಅದು ನಮ್ ನಾಗು" ಎಂದು ಪಕ್ಕದ ಹೆಂಗಸಿಗೆ ತಿವಿದು ಹೇಳುತ್ತಿದ್ದರು.

ಶೆಟ್ಟರು ನಗು ಹಾಕಿಕೊಂಡು, "ಮಕ್ಕಳಿಗೆ ಉತ್ಸಾಹ ಜಾಸ್ತಿ" ಎಂದು ಅಮಲ್ದಾರರಿಗೆ ಹೇಳಿದರು. ಭಜನೆ ಮುಗಿದ ಮೇಲೆ ಹಂಚುವ ಚರಪು ಆ ದಿನ ಐದು ಮಕ್ಕಳಿಗೆ ಮಾತ್ರ ಸಿಕ್ಕಿತು. ಮುಂದಿನ ಭಾನುವಾರ ಅಟ್ಟ ಹತ್ತಿದ ನಾಗುವನ್ನು ಮೆಟ್ಟಿಲಿನಿಂದಲೇ ವಾಪಸು ಕಳಿಸಿದರು.

"ನನ್ನ ಹಾಡು ಚೆನ್ನಾಗಿಲ್ಲ ಅಂದ್ರಾ ಅಣ್ಣ?" ಎಂದು ನಾಗು ಕೇಳಿದಳು. ನಾನು ಶೆಟ್ಟರನ್ನು ವಿಚಾರಿಸಿ ಬಂದಿದ್ದೆ.

"ಹಾಗನ್ನಲಿಲ್ಲ. ಶಿಸ್ತಿಲ್ಲ ಅಂದರು."

ನಡೆದದ್ದನ್ನು ನಾಲ್ಕು ವಾಕ್ಯದಲ್ಲಿ ಬರೆದು ಮೈಸೂರಿಗೆ ಕಳಿಸಿದೆ. ಅಷ್ಟರಲ್ಲಿ ಶೆಟ್ಟರು ತಮ್ಮ ಗುರುವಾರದ ವರದಿಯನ್ನು ನೇರವಾಗಿ ಅಂಚೆಗೆ ಹಾಕಿದ್ದರು. ನನ್ನದು ಅಚ್ಚಾಗಲಿಲ್ಲ. ಅವರದು ಅಚ್ಚಾಯಿತು. ಆನಂದ ಉಕ್ಕಿ ಹರಿದಿತ್ತು.

ನಾಗುವಿನ ಹಿಂದೆ ಬಾಯಿಸಾಲಿನ ಮಿಕ್ಕ ಮಕ್ಕಳೂ ಒಬ್ಬೊಬ್ಬರಾಗಿ ಅಟ್ಟ ಹತ್ತುವುದನ್ನು ಬಿಟ್ಟರು. ಐದು ಮಕ್ಕಳ ಮಂಡಳಿಗೆ ಲಾರಿ ಬೇಕಾಗಲಿಲ್ಲ. ಅಮಲ್ದಾರರಿಗೆ ವರ್ಗವಾಯಿತು. ಮಗಳು ಅವರ ಜೊತೆ ಹೋದಳು. ಮಂಡಳಿ ನಿಂತಿತು ಎಂದು ಶೆಟ್ಟರು ಯಾರಿಗೂ ಹೇಳಲಿಲ್ಲ. ಬೋರ್ಡು ಮೆಟ್ಟಿಲ ಬಳಿ ಹಾಗೆಯೇ ಇತ್ತು.

ನಾನು ಅವರನ್ನು ಕಡೆಯ ಸಲ ಕಂಡದ್ದು ಎಂಟೊಂಬತ್ತು ವರ್ಷಗಳ ನಂತರ ಹಾಸನದ ಬಸ್ ಸ್ಟ್ಯಾಂಡಿನಲ್ಲಿ. ಅದೇ ಶಾಲು. ನನ್ನನ್ನು ಕಂಡಾಗ ಅವರಿಗೆ ನಗು ಬರಲಿಲ್ಲ. ನಾನು ಬಟ್ಟೆ ಕೊಳ್ಳುವವನಲ್ಲ ಎಂಬುದು ಆ ವೇಳೆಗೆ ಅವರಿಗೆ ಖಾತ್ರಿಯಾಗಿತ್ತು.

"ನಿಮ್ಮಜ್ಜಿ ಇದಾರಾ?" ಎಂದರು.

"ತೀರಿಕೊಂಡರು."

"ಆ ಮುದುಕಿ ನನ್ನ ಮಂಡಳಿ ಮುಳುಗಿಸ್ಬಿಡ್ತು." ಬಸ್ಸು ಬಂತೇ ಎಂದು ನೋಡಿದರು. "ತಂಗಿ?"

"ಟ್ರೇನಿಂಗ್ ಮುಗಿಸಿ ಟೀಚರ್ ಆಗಿದಾಳೆ. ಮಕ್ಕಳಿಗೆ ಪದ್ಯ ಹಾಡಿಸ್ತಾಳಂತೆ."

"ಎಲ್ಲರ ಕೈಲೂನಾ?"

"ಎಲ್ಲರ ಕೈಲೂ."

"ಶ್ರುತಿ ಕೆಡುತ್ತೆ" ಎಂದು ಹೇಳಿ ಬಸ್ಸು ಹತ್ತಿದರು.

ವೀರಭದ್ರಶೆಟ್ಟರು ೧೯೬೮ರಲ್ಲಿ ತೀರಿಕೊಂಡರು. ಸಂತಾಪ ಸಭೆ ಅಂಗಡಿಯ ಅಟ್ಟದಲ್ಲಿಯೇ ನಡೆಯಿತು. ಮೂವರು ಭಾಷಣ ಮಾಡಿದರು. ನಗರದ ಮಕ್ಕಳ ಬಾಳಿಗೆ ಅವರು ದನಿ ಕೊಟ್ಟರು ಎಂದು ಮೂವರೂ ಹೇಳಿದರು. ಕಡೆಗೆ ಮಂಡಳಿಯ ಹಳೆಯ ಮಕ್ಕಳೆಲ್ಲ ಎದ್ದು ನಿಂತು 'ಒಂದೇ ದನಿಯಲಿ' ಹಾಡಬೇಕೆಂದು ಶೆಟ್ಟರ ಮಗ ಕೇಳಿಕೊಂಡರು. ಹತ್ತು ಹನ್ನೆರಡು ಜನ ಎದ್ದರು. ನಾಗು ನನ್ನ ಪಕ್ಕದಲ್ಲಿ ಕೂತಿದ್ದಳು. ಅವಳೂ ಎದ್ದಳು.

ಹಾಡು ಪೂರ್ತಿ ಮುಗಿಯುವವರೆಗೆ ಅವಳ ತುಟಿ ಆಡಿತು. ಒಂದು ಪದವೂ ತಪ್ಪಲಿಲ್ಲ. ದನಿ ಇರಲಿಲ್ಲ.